ಮೊಳದ ಅಳತೆ

ಹೊಸ ಊರಿಗೆ ಬಂದವರ ಕಣ್ಣಿಗೆ ಎರಡು ಕೆಲಸಗಳಿರುತ್ತವೆ. ಅದು ಊರನ್ನು ನೋಡುತ್ತದೆ. ಊರು ತನ್ನನ್ನು ನೋಡುವ ಬಗೆಯನ್ನೂ ನೋಡುತ್ತದೆ. ಮೂರು ದಿನವಿದ್ದು ಹೊರಟುಹೋಗುವ ಪ್ರವಾಸಿಗೆ ಮೊದಲನೆಯದು ಸಾಕು. ವಿದ್ಯೆಯನ್ನರಸಿ ಬಂದು ವರ್ಷಗಟ್ಟಲೆ ಬಾಳಬೇಕಾದವರಿಗೆ ಎರಡನೆಯದೇ ದೊಡ್ಡದಾಗುತ್ತದೆ.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಿಂದ ವಿದ್ಯಾರ್ಥಿನಿಯೊಬ್ಬಳು 2023ರ ಮಳೆಗಾಲದಲ್ಲಿ ಮೈಸೂರಿಗೆ ಬಂದಳು. ಮಾನಸಗಂಗೋತ್ರಿಯಲ್ಲಿ ಆಕೆಯ ವ್ಯಾಸಂಗ. ಮೊದಲ ಭಾನುವಾರವೇ ಸಹಪಾಠಿಗಳು ಆಕೆಯನ್ನು ಅರಮನೆಗೆ ಕರೆದೊಯ್ದರು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ಆಂಗ್ಲ ವಾಸ್ತುಶಿಲ್ಪಿಯ ಯೋಜನೆಯಂತೆ ಎದ್ದುನಿಂತು 1912ರಲ್ಲಿ ಪೂರ್ಣಗೊಂಡ ಕಟ್ಟಡ ಅದು. ಸಂಜೆ ಏಳಕ್ಕೆ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡಾಗ ಆಕೆಯೂ ಎಲ್ಲರಂತೆ ಬೆರಗಾದಳು. ಮತ್ತೊಂದು ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ, ಒಂದೇ ಬಂಡೆಯಲ್ಲಿ ಕಡೆದ ನಂದಿಯ ಮುಂದೆ ಕುಳಿತು ದಣಿವಾರಿಸಿಕೊಂಡಳು.

ಆದರೆ ಆಕೆಗೆ ಊರು ಹತ್ತಿರವಾದದ್ದು ಈ ಪ್ರಸಿದ್ಧ ಸ್ಥಳಗಳಿಂದಲ್ಲ, ಬೀದಿಯಲ್ಲಿ ಕಿವಿಗೆ ಬಿದ್ದ ಮಾತುಗಳಿಂದ. ಆಟೋ ನಿಲ್ದಾಣದಲ್ಲಿ ಯಾರೋ ‘ಗಾಡಿ’ ಎಂದಾಗ ಆಕೆ ಬೆಚ್ಚಿ ತಿರುಗಿ ನೋಡಿದಳು; ಆಕೆಯ ಸ್ವಾಹಿಲಿ ಭಾಷೆಯಲ್ಲಿ ವಾಹನಕ್ಕೆ ‘ಗಾರಿ’ ಎನ್ನುತ್ತಾರೆ. ಪೈಸೆ ಅಲ್ಲಿ ‘ಪೆಸಾ’. ರಂಗು ಅಲ್ಲಿ ‘ರಂಗಿ’. ಚಹಕ್ಕೆ ‘ಚಾಯ್’, ಚಪಾತಿಗೆ ‘ಚಪಾತಿ’ಯೇ. ಹಿಂದೂ ಮಹಾಸಾಗರವನ್ನು ಶತಮಾನಗಳ ಕಾಲ ಹಾಯಿಹಡಗುಗಳಲ್ಲಿ ದಾಟುತ್ತಿದ್ದ ವರ್ತಕರು ಸರಕಿನೊಂದಿಗೆ ಮಾತುಗಳನ್ನೂ ಸಾಗಿಸಿದ್ದರು. ತಾನು ಪರದೇಶಕ್ಕೆ ಬಂದಿಲ್ಲ, ದೂರದ ನೆಂಟರ ಮನೆಗೆ ಬಂದಿದ್ದೇನೆ ಎಂದು ಆಕೆ ತಾಯಿಗೆ ಹೇಳಿಕೊಂಡಳು.

ಆ ಭಾವ ಬಹಳ ದಿನ ಉಳಿಯಲಿಲ್ಲ.

ಆಕೆಗೆ ವಾಸಕ್ಕೆ ಒಂದು ಕೊಠಡಿ ಬೇಕಾಗಿತ್ತು. ದೂರವಾಣಿಯಲ್ಲಿ ಮಾತನಾಡಿದಾಗ ಒಪ್ಪಿದ ಮನೆಯವರು, ಎದುರಿಗೆ ಬಂದು ನಿಂತ ಆಕೆಯ ಮೈಬಣ್ಣವನ್ನೂ ಕೂದಲನ್ನೂ ಕಂಡೊಡನೆ ಮಾತು ಬದಲಿಸುತ್ತಿದ್ದರು. ಒಬ್ಬರು ಮಗಳು ಬರುವವಳಿದ್ದಾಳೆ ಎಂದರು. ಇನ್ನೊಬ್ಬರು ಯಜಮಾನರು ಊರಲ್ಲಿಲ್ಲ ಎಂದರು. ಮೂರನೆಯ ಮನೆಯ ಯಜಮಾನರು ಅತ್ಯಂತ ವಿನಯದಿಂದ, “ಈಗತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವಮ್ಮ” ಎಂದು ಕುಡಿಯಲು ನೀರನ್ನೂ ತರಿಸಿಕೊಟ್ಟರು. ಆಕೆ ಕೃತಜ್ಞತೆಯಿಂದಲೇ ಹಿಂತಿರುಗಿದಳು. ನಾಲ್ಕನೆಯ ದಿನ ಬೆಳಗ್ಗೆ ಅದೇ ಬೀದಿಯಲ್ಲಿ ಹಾದುಹೋಗುವಾಗ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ಗೇಟಿನ ಮೇಲೆ ಹಾಗೆಯೇ ತೂಗುತ್ತಿತ್ತು.

ಕೊಡುವುದಿಲ್ಲ ಎಂದಿದ್ದರೆ ಆಕೆ ಸಹಿಸುತ್ತಿದ್ದಳು. ಮನೆ ಅವರದು, ಇಷ್ಟವೂ ಅವರದೇ. ಆದರೆ ಆ ತಣ್ಣನೆಯ ನೀರಿನ ಲೋಟ ಆಕೆಯನ್ನು ಚುಚ್ಚಿತು. ಸತ್ಯವನ್ನು ಕೇಳಿಸಿಕೊಳ್ಳುವ ಯೋಗ್ಯತೆಯೂ ತನಗಿಲ್ಲವೆಂದು ಅವರು ಭಾವಿಸಿದರೇ ಎಂಬ ಪ್ರಶ್ನೆ ಇಡೀ ಬೆಳಗು ಆಕೆಯ ಬೆನ್ನು ಬಿಡಲಿಲ್ಲ.

ಮರುದಿನ ವರಮಹಾಲಕ್ಷ್ಮಿ ಹಬ್ಬ. ಸಹಪಾಠಿಯೊಬ್ಬಳು ಮನೆಗೆ ಆಹ್ವಾನಿಸಿದ್ದಳು. ಬರಿಗೈಯಲ್ಲಿ ಹೋಗಬಾರದೆಂದು ಆಕೆ ಸಂಜೆ ಚಿಕ್ಕಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಗೆ ಹೂವು ಕೊಳ್ಳಲು ಹೋದಳು. ಗೋಪುರದಂತೆ ಒಟ್ಟಿದ ಕುಂಕುಮ, ಬಾಳೆಗೊನೆಗಳ ಸಾಲು, ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟ ವೀಳ್ಯದೆಲೆ, ಕಾಲಿಡಲು ಎಡೆಯಿಲ್ಲದ ಜನ. ಹಬ್ಬದ ಮುನ್ನಾದಿನ ಹೂವಿನ ಬೆಲೆ ಎಷ್ಟಕ್ಕೇರುತ್ತದೆಂಬುದು ಆಕೆಗೆ ತಿಳಿಯದು. ಬುಟ್ಟಿಯ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಸೇವಂತಿಗೆಯ ಮಾಲೆಗೆ ಹೇಳಿದ ಬೆಲೆ ಕೇಳಿ, ಅಪರಿಚಿತಳೆಂದು ತನ್ನನ್ನು ಇಲ್ಲಿಯೂ ವಂಚಿಸುತ್ತಿದ್ದಾರೆ ಎಂದುಕೊಂಡಳು. ಹಾಗೆಂದುಕೊಂಡೇ, ಕಷ್ಟಪಟ್ಟು ಕಲಿತಿದ್ದ ಕನ್ನಡದಲ್ಲಿ, “ಅಲ್ಲಿ ಕಡಿಮೆಗೆ ಕೊಟ್ಟರು” ಎಂದಳು.

ಆಕೆ ಬೇರೆಲ್ಲಿಯೂ ಬೆಲೆ ವಿಚಾರಿಸಿರಲಿಲ್ಲ.

ಮುದುಕಿ ವಾದಿಸಲಿಲ್ಲ. ಮೊಳಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಅಳೆಯತೊಡಗಿದಳು. ವಿದ್ಯಾರ್ಥಿನಿಯ ಕಣ್ಣು ಆ ಪುಟ್ಟ ತೋಳಿನ ಮೇಲೆಯೇ ನೆಟ್ಟಿರುವುದು ಆಕೆಯ ಗಮನಕ್ಕೆ ಬಂದಿರಬೇಕು. ಸುಮ್ಮನೆ ನಕ್ಕು ಮಾಲೆಯನ್ನು ಮುಂದೆ ಚಾಚಿ, “ನನ್ ಕೈ ಗಿಡ್ಡ ಕಣವ್ವ, ನೀನೇ ಅಳ್ಕೊ” ಎಂದಳು. ಎತ್ತರದ ನಿಲುವಿನ ವಿದ್ಯಾರ್ಥಿನಿ ತನ್ನ ನೀಳವಾದ ತೋಳಿನಿಂದ ಎರಡು ಮೊಳ ಅಳೆದಳು. ಮುದುಕಿಯ ಅಳತೆಗಿಂತ ಅದು ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಮುದುಕಿ ಮುಖ ಸಿಂಡರಿಸದೆ ಅಲ್ಲಿಗೇ ದಾರ ಕತ್ತರಿಸಿ, ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟಳು.

ಹೂವಿನ ಪೊಟ್ಟಣ ಹಿಡಿದು ಹೊರಗೆ ಬಂದ ಮೇಲೆ ಆಕೆಗೆ ಒಂದು ಸಂಗತಿ ಹೊಳೆಯಿತು. ಬೆಳಗ್ಗೆ ತಾನು ಯಾವ ಸುಳ್ಳಿನಿಂದ ನೊಂದಿದ್ದಳೋ, ಸಂಜೆಯೊಳಗೆ ಅಂಥದೇ ಒಂದನ್ನು, ತನಗಿಂತ ಬಡವಳಾದ ಒಬ್ಬಳಿಗೆ, ಕೆಲವು ರೂಪಾಯಿಗಳಿಗಾಗಿ ಹೇಳಿದ್ದಳು. ಕನ್ನಡದಲ್ಲಿ ಸ್ವತಂತ್ರವಾಗಿ ಆಡಿದ ಮೊದಲ ವಾಕ್ಯವೇ ಅಸತ್ಯವಾಗಿತ್ತು. ಮನೆಯ ಯಜಮಾನರು ತಮ್ಮ ಭಯದ ಮೊಳದಿಂದ ಆಕೆಯನ್ನು ಅಳೆದಿದ್ದರು. ಆಕೆ ತನ್ನ ನೋವಿನ ಮೊಳದಿಂದ ಮುದುಕಿಯನ್ನು ಅಳೆದಿದ್ದಳು. ಎದುರಿಗಿದ್ದವರ ಕೈಗೆ ಅಳತೆಯನ್ನು ಒಪ್ಪಿಸಿದವಳು ಆ ಮುದುಕಿ ಒಬ್ಬಳೇ.

ಮರುವಾರ ಗೆಳತಿಯನ್ನು ಜೊತೆಗೆ ಕರೆದುಕೊಂಡು ಅದೇ ಬುಟ್ಟಿಯ ಮುಂದೆ ನಿಂತು, ಅಂದು ಹೇಳಿದ್ದು ಸುಳ್ಳೆಂದು ತಿಳಿಸಿದಳು. ಮುದುಕಿ, “ಎಲ್ರೂ ಅಂಗೇ ಹೇಳ್ತಾರೆ ಬುಡವ್ವ” ಎಂದು ನಕ್ಕಳು. ಆ ಸಮಾಧಾನದ ಮಾತು ಆಕೆಗೆ ಸಮಾಧಾನ ತರಲಿಲ್ಲ. ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೇ ಅದು ಇಷ್ಟು ಸುಲಭವಾಗಿ ಬಾಯಿಗೆ ಬಂದಿತಲ್ಲವೇ?

ಹಬ್ಬದ ಮನೆಯಲ್ಲಿ ಗೆಳತಿಯ ತಾಯಿ ಕೊಠಡಿಯ ವಿಷಯ ಕೇಳಿ, ಸರಸ್ವತಿಪುರಂನಲ್ಲಿ ಒಬ್ಬರೇ ಇದ್ದ ನಿವೃತ್ತ ಶಿಕ್ಷಕಿಯ ಬಳಿ ಕಳುಹಿಸಿದ್ದರು. ಆ ಹಿರಿಯರು ಬಾಗಿಲಲ್ಲೇ ಎಲ್ಲವನ್ನೂ ಹೇಳಿದರು. ಅಡುಗೆಮನೆಗೆ ಮಾಂಸ, ಮೊಟ್ಟೆ ತರಬಾರದು. ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ. ಬಾಡಿಗೆ ತಿಂಗಳ ಐದನೆಯ ತಾರೀಖಿನೊಳಗೆ. “ನೀನೂ ಏನಾದರೂ ಕೇಳುವುದಿದ್ದರೆ ಕೇಳಮ್ಮ” ಎಂದರು. ಆಕೆ ಧೈರ್ಯಮಾಡಿ, “ನಾನು ಇಲ್ಲಿದ್ದರೆ ನಿಮಗೆ ಮುಜುಗರವೇ?” ಎಂದು ಕೇಳಿಯೇಬಿಟ್ಟಳು. ಹಿರಿಯರು ತುಸು ಹೊತ್ತು ಸುಮ್ಮನಿದ್ದು ನುಡಿದರು: “ಅಕ್ಕಪಕ್ಕದವರು ಏನೆಂದಾರೋ ಎಂಬ ಅಳುಕು ನನಗೂ ಇದೆ. ಅಳುಕು ನನ್ನದು. ಅದಕ್ಕಾಗಿ ನಿನ್ನನ್ನು ವಾಪಸು ಕಳುಹಿಸಲಾರೆ.”

ಷರತ್ತುಗಳು ಆಕೆಗೆ ಭಾರವೆನಿಸಲಿಲ್ಲ. ಮೀನಿಲ್ಲದ ಊಟ ಆಕೆಗೆ ಹೊಸದು, ಆದರೂ ಕೊಟ್ಟ ಮಾತನ್ನು ಮುರಿಯಲಿಲ್ಲ. ನಿಯಮವನ್ನು ಮುಖಕ್ಕೆ ಮುಖವಿಟ್ಟು ಹೇಳುವುದು ಅವಮಾನವಲ್ಲ. ಅದು ಎದುರಿನವರನ್ನು ತಿಳಿವಳಿಕೆಯುಳ್ಳವರೆಂದು ಗೌರವಿಸುವ ಒಂದು ರೀತಿ. ಮನೆಯನ್ನೋ ಛತ್ರವನ್ನೋ ಬಾಡಿಗೆಗೆ ಕೊಡುವವರಿಗೆ ತಮ್ಮ ಆಚಾರವನ್ನು ಕಾಪಾಡಿಕೊಳ್ಳುವ ಹಕ್ಕಿದೆ. ಆದರೆ ಆಚಾರದ ಹೆಸರಿನಲ್ಲಿ ಭಯವನ್ನು ಬಚ್ಚಿಟ್ಟು, ಆ ಭಯಕ್ಕೆ ಸುಳ್ಳಿನ ಹೊದಿಕೆ ಹೊದಿಸಿದರೆ ಆಚಾರವೂ ಉಳಿಯದು.

ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ಹಾದುಹೋಗುವಾಗ ಒಮ್ಮೆ ಹಿರಿಯರು ಆಕೆಗೆ ಹೇಳಿದರು: 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟನ್ನು ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. 1909ರಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ದೊರೆಯಿತು. ಹೊರಗಿನಿಂದ ಬಂದವರ ಕೈಯಲ್ಲಿ ಏನಿದೆಯೆಂಬುದು ಬಿಚ್ಚಿ ನೋಡಿದ ಮೇಲಷ್ಟೇ ತಿಳಿಯುತ್ತದೆ.

ವಿದ್ಯಾರ್ಥಿನಿಯ ಬಳಿಯೂ ಕೊಡುವಂಥದೊಂದಿತ್ತು. ಪ್ರತಿ ಬೆಳಗ್ಗೆ ಹಿರಿಯರನ್ನು ಕಂಡಾಗ “ಶಿಕಮೂ” ಎನ್ನುತ್ತಿದ್ದಳು. ನಿಮ್ಮ ಪಾದಗಳನ್ನು ಹಿಡಿಯುತ್ತೇನೆ ಎಂಬುದು ಅದರ ಮೂಲಾರ್ಥ. ಸ್ವಾಹಿಲಿ ನಾಡಿನಲ್ಲಿ ಕಿರಿಯರು ಹಿರಿಯರಿಗೆ ಸಲ್ಲಿಸುವ ವಂದನೆ. ಅರ್ಥ ತಿಳಿದ ದಿನ ಹಿರಿಯರ ಕಣ್ಣು ತೇವಗೊಂಡಿತು. ಉತ್ತರವಾಗಿ “ಮರಹಬಾ” ಎನ್ನಬೇಕೆಂಬುದನ್ನೂ ಅವರು ಕಲಿತುಕೊಂಡರು.

ಸರಸ್ವತಿಪುರಂನಿಂದ ತರಗತಿಗೆ ಹೋಗುವ ದಾರಿಯಲ್ಲಿಯೇ ಆ ಮೂರನೆಯ ಮನೆ ಇದೆ. ಫಲಕ ಈಗಿಲ್ಲ, ಯಾರೋ ಬಾಡಿಗೆಗೆ ಬಂದಿದ್ದಾರೆ. ಒಂದು ಬೆಳಗ್ಗೆ ಯಜಮಾನರು ಗಿಡಗಳಿಗೆ ನೀರೆರೆಯುತ್ತಿದ್ದರು. ಆಕೆ ಗೇಟಿನ ಬಳಿ ಒಂದು ಕ್ಷಣ ನಿಂತು ನಮಸ್ಕರಿಸಿದಳು. ಅವರು ಗುರುತು ಹಿಡಿದರು, ತಲೆ ತಗ್ಗಿಸಿದರು, ಸ್ವಲ್ಪ ತಡೆದು, ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು, ಕೈ ಮುಗಿದರು.