ಫ್ರಾನ್ಸಿನಾಗ ಯಾವ ಊರು ನೋಡಬೇಕು: ನಮ್ಮ ಮನಿಯ ಲೆಕ್ಕ

ಇಪ್ಪತ್ತು ದಿನ ಈ ಪೇಜಿನಾಗ ಹೊಲದ ಸುದ್ದಿ ಹಾಕಿರಲಿಲ್ಲ. ನಾಲ್ಕೈದು ಮಂದಿ ಫೋನ್ ಮಾಡಿ ಆರಾಮ ಇಲ್ಲೇನು ಅಂತ ಕೇಳಿದ್ರಿ. ಆರಾಮ ಅದೇನಿ. ಮಗಳ ಮನಿಗೆ, ಫ್ರಾನ್ಸ್ ದೇಶದ ತುಲೂಸ್ ಅನ್ನೋ ಊರಿಗೆ ಹೋಗಿದ್ದೆ. ವಿಮಾನ ಕಟ್ಟೋ ಊರು ಅದು, ಅಳಿಯಂದ್ರ ಕೆಲಸ ಅಲ್ಲೇ. ಮೆಣಸಿನಗಿಡ ತಮ್ಮ ನೋಡಿಕೊಂಡಾನ. ಎಡೆ ಹೊಡದಾರ, ಹೂವು ಛಲೋ ಹಿಡದೈತಿ, ಬದುವಿನ ಕಡೆ ನಾಲ್ಕು ಸಾಲಿಗೆ ಮಾತ್ರ ಮುರುಟು ಬಿದ್ದೈತಿ. ಅದನ್ನ ನಾಳೆ ಫೋಟೋ ಹಾಕಿ ಬರೀತೀನಿ.

ಇವತ್ತು ಬರೆಯೋದು ಊರು ಆರಿಸಿದ ಕಥಿ. ನಮ್ಮ ಸುತ್ತಲಿನ ಹಳ್ಳಿಗಳಾಗ ಮಕ್ಕಳು ಹೊರದೇಶದಾಗ ಇರೋ ಮನಿ ಈಗ ಬೇಕಾದಷ್ಟು ಅದಾವ. ನಿಮಗೂ ಒಂದಿನ ಕರಿ ಬರತೈತಿ. ಆವಾಗ ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ.

ಮೊಮ್ಮಗಗ ಅಕ್ಟೋಬರ್ ಕೊನೆಗೆ ಎರಡು ವಾರ ಶಾಲಿ ಸೂಟಿ. ಮಗಳು ಹೋಗೋಕಿಂತ ತಿಂಗಳ ಮೊದಲೇ ಕೇಳಿದ್ಲು, "ಅಪ್ಪಾ, ಪ್ಯಾರಿಸ್ ನೋಡ್ತೀರೋ, ಹಳ್ಳಿ ನೋಡ್ತೀರೋ?" ಪ್ಯಾರಿಸ್ ಎಲ್ಲಾರೂ ನೋಡ್ತಾರ, ಹಳ್ಳಿ ತೋರಿಸವ್ವಾ ಅಂದೆ. ಅಕಿ ಒಂದು ಪಟ್ಟಿ ಕಳಿಸಿದ್ಲು. ನೂರೆಪ್ಪತ್ತಕ್ಕಿಂತ ಹೆಚ್ಚು ಹಳ್ಳಿ! ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು ಅಂತ ಅಲ್ಲೊಂದು ಸಂಘ ಐತಿ. 1982ರಾಗ ಕೊಲ್ಲೋಂಜ್-ಲಾ-ರೂಜ್ ಅನ್ನೋ ಕೆಂಪು ಕಲ್ಲಿನ ಹಳ್ಳಿಯ ಮೇಯರ್ ಶಾರ್ಲ್ ಸೇರಾಕ್ ಶುರು ಮಾಡಿದ್ದು. ಹಳ್ಳಿ ಖಾಲಿ ಆಗಾಕ ಹತ್ತಿದ್ವು, ಕಲ್ಲಿನ ಮನಿ ಬೀಳಾಕ ಹತ್ತಿದ್ವು, ಏನಾರ ಮಾಡಬೇಕು ಅಂತ. ಆ ಪಟ್ಟಿಗೆ ಸೇರಬೇಕಂದ್ರ ಊರಾಗ ಎರಡು ಸಾವಿರಕ್ಕಿಂತ ಹೆಚ್ಚು ಮಂದಿ ಇರಬಾರದು, ಸರಕಾರ ಕಾಪಾಡಿದ ಹಳೇ ಕಟ್ಟಡವೋ ಜಾಗವೋ ಕನಿಷ್ಠ ಎರಡು ಇರಬೇಕು, ಊರಿನವರೇ ಅರ್ಜಿ ಹಾಕಬೇಕು. ಸಂಘದವರು ಬಂದು ನೋಡಿ ಮತ ಹಾಕ್ತಾರ. ಊರು ಕೆಡಿಸಿಕೊಂಡ್ರ ಪಟ್ಟಿಯಿಂದ ತಗದೂ ಹಾಕ್ತಾರ. ಇದು ನನಗ ಭಾಳ ಹಿಡಿಸ್ತು. ನಾನೇ ಆರಿಸ್ತೀನಿ ಅಂತ ರಾತ್ರಿ ಕುಂತು ಫೋಟೋ ನೋಡಿ ನೋಡಿ ಮೂರು ಊರಿಗೆ ಗುರುತು ಹಾಕಿದೆ. ಮನಿಯಾಕಿನ್ನ ಕೇಳಲಿಲ್ಲ. ಆಕಿಗೆ ಮೊಣಕಾಲು ನೋವು ಐತಿ ಅನ್ನೋದು ನೆನಪಿತ್ತು, ಆದ್ರ ಫೋಟೋದಾಗ ಏರು ಕಾಣಂಗಿಲ್ಲ ನೋಡ್ರಿ.

ಮೊದಲನೇದು ಕೋರ್ದ್-ಸುರ್-ಸಿಯೆಲ್. 1222ರಾಗ ತುಲೂಸಿನ ದೊರಿ ಏಳನೇ ರೇಮೊಂ ಗುಡ್ಡದ ಮ್ಯಾಲೆ ಕಟ್ಟಿಸಿದ್ದು, ಯುದ್ಧದಾಗ ನೆಲಿ ಕಳಕೊಂಡ ಮಂದಿಗೆ. ಚಳಿಗಾಲ ಹತ್ರ ಬಂದ್ರ ಬೆಳಿಗ್ಗೆ ಮಂಜು ಕೆಳಗ ನಿಂತು ಊರು ಮೋಡದ ಮ್ಯಾಲೆ ತೇಲಿದಂಗ ಕಾಣತೈತಿ, ಅದಕ್ಕ ಆಕಾಶದ ಮ್ಯಾಲಿನ ಕೋರ್ದ್ ಅಂತ 1993ರಾಗ ಹೆಸರೇ ಬದಲಿ ಮಾಡ್ಯಾರ. ನಾವು ಹೋದ ದಿನ ಮಂಜು ಹಂಗೇ ಇತ್ತು. ಆದ್ರ ಗಾಡಿ ಕೆಳಗ ಬಿಟ್ಟು ನಡೀಬೇಕು. ಕಲ್ಲು ಹಾಸಿದ ದಾರಿ, ಏರು ಅಂದ್ರ ಏರು, ಕಾಲು ಜಾರತೈತಿ. ನೂರು ಹೆಜ್ಜಿ ಹತ್ತೋದ್ರಾಗ ಮನಿಯಾಕಿ ಗ್ವಾಡಿ ಹಿಡಕೊಂಡು ನಿಂತ್ಲು. "ನೀವು ಹೋಗಿ ಬರ್ರಿ, ನಾ ಕೆಳಗ ಕುಂದರ್ತೀನಿ." ಮಗಳು ಆಕಿ ಜೋಡಿ ಒಂದು ಚಹಾದಂಗಡಿಯಾಗ ಉಳದ್ಲು. ನಾನು ಮೊಮ್ಮಗನ್ನ ಕರಕೊಂಡು ಮ್ಯಾಲೆ ಹೋದೆ. ಕೆತ್ತನಿ ಕಲ್ಲಿನ ಮನಿ, ಹಳೇ ಸಂತಿ ಕಟ್ಟಿ, ಕಂಬ, ಎಲ್ಲಾ ನೋಡಿದೆ. ಚಂದ ಐತಿ, ಸುಳ್ಳು ಹೇಳಂಗಿಲ್ಲ. ಒಂದೂವರಿ ತಾಸಿಗೆ ಇಳದು ಬಂದು ಮೊಬೈಲ್ನಾಗ ಫೋಟೋ ತೋರಿಸಾಕ ಹೋದೆ.

"ನೀವು ನೋಡಿದ್ರಲ್ಲ, ಸಾಕು ಬಿಡ್ರಿ" ಅಂದ್ಲು. ಸಿಟ್ಟಿನಿಂದ ಅಂದಿದ್ರ ಪಾಡಿತ್ತು. ಸಮಾಧಾನದಾಗ ಅಂದ್ಲು.

ನಲವತ್ತು ವರ್ಷ ಹೊಲ ಮನಿ ಬಿಟ್ಟು ಎಲ್ಲೂ ಹೋಗದಾಕಿ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಎರಡನೇ ಊರು ಸಾಂ-ಸಿರ್-ಲಾಪೋಪಿ ಆಗಬೇಕಿತ್ತು. 2012ರಾಗ ಟೀವಿಯವರು ಮಂದಿ ಕಡೆ ಓಟು ಹಾಕಿಸಿ ಫ್ರೆಂಚರ ಮೆಚ್ಚಿನ ಹಳ್ಳಿ ಅಂತ ಆರಿಸಿದ ಊರು. ಲೋತ್ ನದಿ ಮ್ಯಾಲೆ ಬಂಡಿಗಲ್ಲಿನ ತುದಿಗೆ ಕುಂತೈತಿ. ಬಂಡಿಗಲ್ಲು ಅಂದ ಕೂಡಲೇ ಪಟ್ಟಿಯಿಂದ ಹೊಡದು ಹಾಕಿದೆ. ಅದರ ಬದಲಿ ಲೋತ್ರೆಕ್‌ಗೆ ಹೋದ್ವಿ, ಗುಲಾಬಿ ಬಣ್ಣದ ಬಳ್ಳೊಳ್ಳಿ ಬೆಳೆಯೋ ಊರು. ಅಲ್ಲೂ ಒಂದಿಷ್ಟು ಏರು ಐತಿ, ಆದ್ರ ಅಂಗಡಿ ಹತ್ರನ ಗಾಡಿ ನಿಲ್ಲತೈತಿ. ಆ ಬಳ್ಳೊಳ್ಳಿಗೆ ನಡುವ ಗಟ್ಟಿ ದಂಟು ಬರತೈತಿ. ಗಡ್ಡಿ ದಪ್ಪ ಆಗಲಿ ಅಂತ ಹೂವಿನ ತುದಿ ಒಂದೊಂದೇ ಕೈಯಿಂದ ಮುರೀತಾರ. ಆ ದಂಟು ಸೇರಿಸಿಯೇ ಸಿವುಡು ಕಟ್ಟಿ ಮಾರ್ತಾರ. ಮನಿಯಾಕಿ ಒಂದು ಎಸಳು ಸುಲದು ಬಾಯಾಗ ಹಾಕ್ಕೊಂಡ್ಲು, ಅಂಗಡಿಯಾಕಿ ಕಣ್ಣು ಬಿಟ್ಲು. "ಖಾರ ಕಮ್ಮಿ" ಅಂತ ತೀರ್ಪು ಬಂತು.

ಮೂರನೇದು ಆಕಿಗೇ ಬಿಟ್ಟೆ. ಮಗಳು ಮೊಬೈಲ್ನಾಗ ಒಂದೊಂದೇ ತೋರಿಸಿದ್ಲು. ಒಂದು ಫೋಟೋಕ್ಕ ಬಂದಾಗ ಕೈ ಹಿಡದ್ಲು: "ಇದೇನಿದು, ಮನಿ ಗ್ವಾಡಿಗೆ ಮೆಣಸಿನಕಾಯಿ ಹಾಕ್ಯಾರ?"

ಎಸ್ಪೆಲೆತ್. ತುಲೂಸಿನಿಂದ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್, ಸ್ಪೇನ್ ಗಡಿ ಪಕ್ಕ, ಬಾಸ್ಕ್ ಸೀಮೆ. ನಾನು ಗುರುತು ಹಾಕಿದ ಆ ಸುಂದರ ಹಳ್ಳಿಗಳ ಪಟ್ಟಿಯಾಗ ಈ ಊರು ಇಲ್ಲ. ಪಕ್ಕದ ಐನೋವಾ ಐತಿ. ಅಕ್ಟೋಬರಿನ ಕೊನೇ ಶನಿವಾರ ಭಾನುವಾರ ಅಲ್ಲಿ ಮೆಣಸಿನಕಾಯಿ ಜಾತ್ರಿ. ಆ ಗದ್ದಲದಾಗ ನಡಿಯಾಕ ಆಗಂಗಿಲ್ಲ ಅಂತ ನಾಕು ದಿನ ಮೊದಲೇ ಹೋದ್ವಿ. ಬಿಳಿ ಸುಣ್ಣದ ಮನಿ, ಕೆಂಪು ಬಣ್ಣದ ಕಟಗಿ, ಗ್ವಾಡಿ ತುಂಬ ಸರ ಸರ ಮೆಣಸಿನಕಾಯಿ. ಮನಿಯಾಕಿ ಓಣಿಯಾಗ ಮೊಣಕಾಲು ಮರತು ನಡದ್ಲು. ಒಂದು ಸರದಿಂದ ಒಂದು ಕಾಯಿ ಮುಟ್ಟಿ, ತೊಟ್ಟು ನೋಡಿ, ಮೂಸಿ, "ಇದು ನೀಟಾಗಿ ಒಣಗಿಲ್ಲ ಇನ್ನ" ಅಂದ್ಲು. ಬಾಗಿಲದಾಗಿನ ಅಜ್ಜಿಗೆ ಕನ್ನಡದಾಗೇ ಏನೋ ಹೇಳಿದ್ಲು. ಅಜ್ಜಿ ಅವರ ಭಾಷಿಯಾಗ ಏನೋ ಹೇಳಿದ್ಲು. ಇಬ್ಬರೂ ತಲಿ ಹಾಕಿದ್ರು. ಮೊಮ್ಮಗಗ ಬೇಕಾದದ್ದು ಬ್ಯಾರೆ: ಪಾಂಡಾ ಕರಡಿ ಸುದ್ದಿಯನ್ನ 1869ರಾಗ ಯುರೋಪಿಗೆ ಮುಟ್ಟಿಸಿದ ಪಾದ್ರಿ ಅರ್ಮಾಂ ದಾವೀದ್ ಹುಟ್ಟಿದ್ದು ಇದೇ ಊರಾಗಂತ.

ಈಗ ನಮ್ಮ ಮಾತು. ಅಲ್ಲಿನ ತಳಿ ಗೋರಿಯಾ. 2000ದಾಗ ಫ್ರಾನ್ಸ್ ಸರಕಾರ ಆ ಹೆಸರಿಗೆ ರಕ್ಷಣೆ ಕೊಟ್ಟೈತಿ, ಎರಡು ವರ್ಷಕ್ಕ ಯುರೋಪ್ ಕೊಟ್ಟೈತಿ. ಹತ್ತೇ ಹತ್ತು ಊರಿನ ಕಾಯಿಗೆ ಆ ಹೆಸರು. ಹನ್ನೊಂದನೇ ಊರಾಗ ಅದೇ ಬೀಜ ಬಿತ್ತಿದ್ರೂ ಎಸ್ಪೆಲೆತ್ ಅಂತ ಮಾರಂಗಿಲ್ಲ. ಕೈಯಿಂದಲೇ ಬಿಡಿಸಬೇಕು. ಬಿಡಿಸಿದ ಮ್ಯಾಲೆ ಹದಿನೈದು ದಿನ ಮಾಗಿಸಿ ಆಮ್ಯಾಲೆ ಒಲಿಯಾಗ ಒಣಗಿಸಿ ಪುಡಿ ಮಾಡ್ತಾರ. ನಾವು ಕೊಂಡ ಐವತ್ತು ಗ್ರಾಂ ಬಾಟಲಿಗೆ ಏಳು ಯೂರೋ. ರೂಪಾಯಿ ಲೆಕ್ಕ ನೀವೇ ಹಾಕ್ರಿ. ಆದ್ರ ಹಾಕಿ ಹಾರಬ್ಯಾಡ್ರಿ. ಅಲ್ಲಿನ ಆಳಿನ ಕೂಲಿ ಬ್ಯಾರೆ, ಅದು ಚಿಲ್ಲರೆ ರೇಟು, ಬೆಳೆಯೋ ಜಾಗ ನಮ್ಮ ಸೀಮೆ ಮುಂದ ಒಂದು ಹಿಡಿ.

ನಮ್ಮ ಬ್ಯಾಡಗಿ ಕಾಯಿಗೂ 2011ರಾಗ ಜಿಐ ಬಂದೈತಿ. ಆಮ್ಯಾಲೆ ನಾವೇ ಏನು ಮಾಡಿದ್ವಿ? ಹೈಬ್ರಿಡ್ ಬಿತ್ತಿ ಬ್ಯಾಡಗಿ ಅಂತ ಚೀಲ ಹೊಲದ್ವಿ. ನಾನೂ ಹೊಲದೇನಿ, ಮೂರು ಎಕರೆದ್ದು. ಉಳಿದಿದ್ದು ಮಡ್ಡಿ ಹೊಲದ ಎರಡು ಎಕರೆ ಕಡ್ಡಿ. ಅದನ್ನೂ ತಗದು ಹೈಬ್ರಿಡ್ ಹಾಕಬೇಕು ಅಂತ ನಾನು, ಬ್ಯಾಡ ಅಂತ ಮನಿಯಾಕಿ, ಹೋಗೋಕಿಂತ ಮೊದಲು ಜಗಳ ನಡದಿತ್ತು. ಇಳುವರಿ ಲೆಕ್ಕ ಈಗಲೂ ನನ್ನ ಕಡೆ ಐತಿ. ಎಸ್ಪೆಲೆತ್‌ದಾಗ ಆಕಿ ಜಗಳ ತಗೀಲಿಲ್ಲ. ಸರ ಎಣಿಸಿಕೋತ ಹೋದ್ಲು, ಅಷ್ಟೇ.

ಒಂದು ಕಾಯಿ ಸೆರಗಿನಾಗ ಕಟ್ಟಿಕೊಂಡಿದ್ಲು, ಬೀಜಕ್ಕ. ಹಂಗ ಬೀಜ ಒಯ್ಯೋದು ಕಾಯ್ದೆ ಪ್ರಕಾರ ತಪ್ಪು ಅಂತ ಮಗಳು ಬಿಡಿಸಿ ಇಟ್ಟುಕೊಂಡ್ಲು. ನೀವು ಹೋದ್ರೂ ತರಬ್ಯಾಡ್ರಿ, ಬ್ಯಾರೆ ದೇಶದ ರೋಗ ನಮ್ಮ ಗಿಡಕ್ಕ ಬ್ಯಾಡ. ಪುಡಿ ತಂದೇವಿ. ನಿನ್ನೆ ರೊಟ್ಟಿ ಜೋಡಿ ಎಣ್ಣಿ ಹಾಕಿ ಕಲಿಸಿ ತಿಂದ್ವಿ. ವಾಸ್ನಿ ಭಾರಿ ಐತಿ. ಬಣ್ಣ ನಮ್ಮ ಕಡ್ಡಿದರ ಹತ್ರಕ್ಕೂ ಬರಂಗಿಲ್ಲ ಅಂತ ಮನಿಯಾಕಿ ಮಾತು, ನನಗೂ ಹಂಗ ಅನಿಸ್ತು. ಕಡ್ಡಿ ಬೀಜಕ್ಕ ಈ ಸಲ ಯಾವ ಗಿಡ ಬಿಡಬೇಕು ಅಂತ ಇವತ್ತು ಬೆಳಿಗ್ಗೆ ಆಕಿ ದಾರ ಕಟ್ಟಿ ಬಂದಾಳ. ನಾನು ಬ್ಯಾಡ ಅನ್ನಲಿಲ್ಲ.

ರಾತ್ರಿ ಮಗಳ ಫೋನ್ ಬಂದಿತ್ತು. ಮುಂದಿನ ವರ್ಷ ಬರ್ರಿ, ಆ ಕೆಂಪು ಕಲ್ಲಿನ ಕೊಲ್ಲೋಂಜ್ ತೋರಿಸ್ತೀನಿ ಅಂದ್ಲು. ನಾ ಹೂಂ ಅನ್ನೋದ್ರಾಗ ಮನಿಯಾಕಿ ಫೋನ್ ಕಸಕೊಂಡು ಕೇಳಿದ್ಲು, "ಏರು ಎಷ್ಟೈತಿ, ಅದನ್ನ ಹೇಳು ಮೊದಲ."