ಎಲೆಯಿಲ್ಲದ ತಿಂಗಳುಗಳಿಗೊಂದು ಹಿತ್ತಿಲು

ಚಳಿಗಾಲಕ್ಕೆಂದೇ ಬೇರೆ ಗಿಡ ಆರಿಸಿ ನೆಡುತ್ತಾರೆ ಎಂದರೆ ನಮ್ಮ ಉಡುಪಿ ಕಡೆಯವರು ನಕ್ಕುಬಿಡುತ್ತಾರೆ. ನಮ್ಮಲ್ಲಿ ಡಿಸೆಂಬರ್ ಎಂದರೆ ಬಸಳೆ ಚಪ್ಪರ, ಅಲಸಂಡೆ, ಅಂಗಳದಲ್ಲಿ ಅಬ್ಬಲಿಗೆ. ನಾನಿರುವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹಾಗಲ್ಲ. ನವೆಂಬರ್ ಮುಗಿಯುವಷ್ಟರಲ್ಲಿ ಮರಗಳು ಬೋಳಾಗಿರುತ್ತವೆ. ಡಿಸೆಂಬರ್ ನಡುವಿನಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ಕಳೆದ ಮೇಲೆ, ಮುಳುಗುವುದು ನಾಲ್ಕಕ್ಕೆ ಮೊದಲು. ಝುಹರ್ ನಮಾಝ್ ಮುಗಿಸಿ ಊಟದ ಪಾತ್ರೆ ತೊಳೆದಿಡುವಷ್ಟರಲ್ಲಿ ಅಸರ್, ಅದರ ಬೆನ್ನಿಗೇ ಮಗ್ರಿಬ್.

2009ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ಉಮ್ಮ ನಮ್ಮಲ್ಲಿಗೆ ಬಂದು ನೆಲೆಸಿದರು. ಮೊದಲ ಚಳಿಗಾಲ ಅವರು ಅಡುಗೆಮನೆಯ ಕಿಟಕಿ ಬಳಿಯ ಕುರ್ಚಿ ಬಿಟ್ಟು ಕದಲಲಿಲ್ಲ. ಮೊಣಕಾಲು ನೋವು, ಹೊರಗೆ ಜಾರುವ ಮಂಜು, ಮಾತಾಡೋಣವೆಂದರೆ ಇಂಗ್ಲಿಷ್ ಬಾರದು. ಕಿಟಕಿಯಾಚೆ ಕಾಣುತ್ತಿದ್ದದ್ದು ಒಂದು ತುಂಡು ಹುಲ್ಲುಹಾಸು, ಹಲಗೆಯ ಬೇಲಿ, ಒಣ ಕೊಂಬೆಗಳು. “ಇಲ್ಲಿ ಎಲ್ಲವೂ ಸತ್ತ ಹಾಗೆ ನಿಂತಿದೆಯಲ್ಲ ಮಗಳೇ” ಎಂದರು ಒಮ್ಮೆ. ಜನವರಿ ಹೊತ್ತಿಗೆ ಕುರ್ಚಿಯನ್ನೇ ಗೋಡೆ ಕಡೆಗೆ ತಿರುಗಿಸಿಕೊಂಡಿದ್ದರು. ನನಗೆ ಭಯವಾದದ್ದು ಆಗ.

ಆ ಫೆಬ್ರವರಿಯಲ್ಲಿ ನನ್ನವರು ನಮ್ಮನ್ನು ಕೇಂಬ್ರಿಡ್ಜ್ ಬಳಿಯ ಆಂಗ್ಲ್‌ಸಿ ಆಬಿಗೆ ಕರೆದೊಯ್ದರು. ಅಲ್ಲಿ 1998ರಲ್ಲಿ ತೆರೆದ ಒಂದು ಚಳಿಗಾಲದ ತೋಟವಿದೆ. ಉದ್ದನೆಯ ದಾರಿ, ಎರಡೂ ಬದಿ ಕೆಂಪು, ಹಳದಿ, ಕಿತ್ತಳೆ ಬಣ್ಣದ ಕಡ್ಡಿಗಳ ಪೊದೆಗಳು. ಕೊನೆಯಲ್ಲಿ ಹಾಲಿನಷ್ಟು ಬಿಳಿಯ ಕಾಂಡಗಳ ಬರ್ಚ್ ಮರಗಳ ತೋಪು. ಉಮ್ಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆವು. ಬಿಳುಪು ಮಾಸದಂತೆ ತೋಟದವರು ಆ ಮರಗಳನ್ನು ತೊಳೆಯುತ್ತಾರೆಂದು ಹೇಳಿದಾಗ ಉಮ್ಮ ಜೋರಾಗಿ ನಕ್ಕರು. ಈ ದೇಶಕ್ಕೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆ ಮರ ಹಿಮಾಲಯದ್ದು, ನಮ್ಮ ಭೂರ್ಜ. ಕಾಗದ ಬರುವ ಮೊದಲು ಕಾಶ್ಮೀರದಲ್ಲಿ ಅದರ ತೊಗಟೆಯ ಮೇಲೆ ಬರೆಯುತ್ತಿದ್ದರು. ಅಲ್ಲಿಯ ಹಳೆಯ ಮನೆ, ಮಸೀದಿಗಳ ಮಣ್ಣಿನ ಛಾವಣಿಯಡಿ ನೀರು ಇಳಿಯದಂತೆ ಅದೇ ತೊಗಟೆಯನ್ನು ಹಾಸುತ್ತಿದ್ದರು. ಇಲ್ಲಿಯ ನರ್ಸರಿಗಳಲ್ಲಿ ಅದಕ್ಕೆ ಜಾಕ್ಮೊಂಟಿ ಎಂದು ಹೆಸರು. ಭಾರತ ಸುತ್ತಿ 1832ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಿಕ್ತೋರ್ ಜಾಕ್ಮೊಂ ಅವರ ಹೆಸರು ಅದು. ನಮ್ಮ ಪುಟ್ಟ ಹಿತ್ತಿಲಿಗೆ ಒಂದೇ ಮರ ಸಾಕಾಯಿತು.

ಗಿಡ ಕೊಳ್ಳುವ ಮೊದಲು ನಾನು ಉಮ್ಮನ ಕುರ್ಚಿಯಲ್ಲಿ ಕುಳಿತು ನೋಡಿದೆ. ಬೇಸಿಗೆಯಲ್ಲಾದರೆ ನಾವೇ ತೋಟಕ್ಕೆ ಹೋಗುತ್ತೇವೆ. ಚಳಿಗಾಲದಲ್ಲಿ ಕಿಟಕಿಯಿಂದ ಕಾಣುವಷ್ಟೇ ತೋಟ. ಇಲ್ಲಿ ಡಿಸೆಂಬರ್‌ನ ನಡು ಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಸುಮಾರು 14 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆ ಬೆಳಕು ಅಡ್ಡಡ್ಡ ಬರುತ್ತದೆ. ಆದ್ದರಿಂದ ಎತ್ತರದ ಹುಲ್ಲುಗಳನ್ನು ಕಿಟಕಿಗೂ ಸೂರ್ಯನಿಗೂ ನಡುವೆ, ದಕ್ಷಿಣಕ್ಕೆ ನೆಟ್ಟೆ. ಮಿಸ್ಕ್ಯಾಂಥಸ್ ಒಂದು. ಇನ್ನೊಂದು ಕಾರ್ಲ್ ಫರ್ಸ್ಟರ್ ಎಂಬ ತಳಿ. ಗಾಳಿಮಳೆಗೂ ನೆಟ್ಟಗೆ ನಿಲ್ಲುತ್ತದೆ. ಒಣಗಿದ ಮೇಲೂ ಇವನ್ನು ಕತ್ತರಿಸಬಾರದು. ಹಿಂದಿನಿಂದ ಬಿಸಿಲು ಬಿದ್ದಾಗ ತೆನೆಗಳು ದೀಪ ಹಚ್ಚಿದಂತೆ ಹೊಳೆಯುತ್ತವೆ. “ಮುಳಿಹುಲ್ಲನ್ನು ದುಡ್ಡು ಕೊಟ್ಟು ತಂದೆಯಾ?” ಎಂದು ಉಮ್ಮ ಕೇಳಿದರು. ಫೆಬ್ರವರಿ ಕೊನೆಗೆ, ಹೊಸ ಚಿಗುರು ಏಳುವ ಮುನ್ನ, ಬುಡಕ್ಕೆ ಕೊಯ್ದರಾಯಿತು.

ಪಶ್ಚಿಮದ ಬೇಲಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಅಲ್ಲಿ ಡಾಗ್‌ವುಡ್ ಪೊದೆಗಳು. ಬೇಸಿಗೆಯಲ್ಲಿ ಇವನ್ನು ಯಾರೂ ತಿರುಗಿ ನೋಡುವುದಿಲ್ಲ, ಸಾಧಾರಣ ಹಸಿರು. ಎಲೆ ಉದುರಿದ ಮೇಲೆ ಸೈಬೀರಿಕಾ ತಳಿಯ ಕಡ್ಡಿಗಳು ಒಣಮೆಣಸಿನಂತೆ ಕೆಂಪಗೆ ಕಾಣುತ್ತವೆ. ಮಿಡ್‌ವಿಂಟರ್ ಫೈರ್ ಎಂಬುದು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಹಿಂದೆ ಹಾಲಿಯಂಥ ಕಡು ಹಸಿರಿನ ಗಿಡವಿದ್ದರೆ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ.

ಬಾಗಿಲ ಬಳಿ ಸಾರ್ಕೊಕೊಕ್ಕಾ ನೆಟ್ಟೆ. ಮೊಣಕಾಲೆತ್ತರದ ಗಿಡ, ನೆರಳಲ್ಲೂ ಬದುಕುತ್ತದೆ. ಹೂವು ನೂಲಿನ ಎಳೆಯಷ್ಟು, ಹುಡುಕಿದರೂ ಸರಿಯಾಗಿ ಕಾಣದು. ಪರಿಮಳ ಮಾತ್ರ ಜನವರಿಯ ಚಳಿಯಲ್ಲಿ ಬೀದಿಯವರೆಗೆ. ಮಲ್ಲಿಗೆಗೆ ಸಮ ಎಂದು ಉಮ್ಮ ಒಪ್ಪಲಿಲ್ಲ. ಭಟ್ಕಳ ಮಲ್ಲಿಗೆ ಮುಡಿದವರು ಹೇಗೆ ಒಪ್ಪುತ್ತಾರೆ? ಆದರೂ ಅಂಚೆಯವನು ಬೆಲ್ ಒತ್ತಿದರೆ ಬಾಗಿಲು ತೆರೆಯಲು ಅವರೇ ಏಳತೊಡಗಿದರು.

ಡಾಗ್‌ವುಡ್‌ನ ಬಣ್ಣವಿರುವುದು ಎಳೆಯ ಕಡ್ಡಿಯಲ್ಲಿ. ವಯಸ್ಸಾದಂತೆ ತೊಗಟೆ ಮಂಕಾಗುತ್ತದೆ. ನೆಟ್ಟ ಮೊದಲ ವರ್ಷ ಮುಟ್ಟಬಾರದು. ಆಮೇಲೆ ಮಾರ್ಚ್‌ನಲ್ಲಿ ಸೈಬೀರಿಕಾವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕಡಿಯಬೇಕು. ಮಿಡ್‌ವಿಂಟರ್ ಫೈರ್ ಅಷ್ಟು ಗಟ್ಟಿಯಲ್ಲ, ಅದರಲ್ಲಿ ಮೂರನೇ ಒಂದು ಪಾಲು ಹಳೆ ಕಡ್ಡಿ ತೆಗೆದರೆ ಸಾಕು. ನಾನು ಕತ್ತರಿ ಹಿಡಿದು ಹಿಂದೆಮುಂದೆ ನೋಡುತ್ತಿದ್ದರೆ ಉಮ್ಮ ಕಿಟಕಿಯಿಂದಲೇ ಕೂಗಿದರು: “ನುಗ್ಗೆ ಮರವನ್ನೂ ಹೀಗೇ ಅಲ್ಲವೇ ಕಡಿಯುವುದು? ಕಡಿ, ಬರುತ್ತದೆ.”

ಕಡಿದ ಕಡ್ಡಿಗಳನ್ನು ಬಿಸಾಡಲು ಅವರು ಬಿಡಲಿಲ್ಲ. ಗೇಣುದ್ದಕ್ಕೆ ಕತ್ತರಿಸಿ, ಅರ್ಧಕ್ಕೂ ಹೆಚ್ಚು ಮಣ್ಣೊಳಗೆ ಹೋಗುವಂತೆ ಕುಂಡಗಳಲ್ಲಿ ಊರಿಸಿದರು. ಬಹುಪಾಲು ಬೇರು ಬಿಟ್ಟವು. ಪಕ್ಕದ ಮನೆಯ ಗುಜರಾತಿ ಮುದುಕಿ ಬೇಲಿಯ ಮೇಲಿಂದ ಇಣುಕಿ ಒಂದು ಕುಂಡ ಕೇಳಿದರು. ಉಮ್ಮನಿಗೆ ಗುಜರಾತಿ ಬಾರದು, ಅವರಿಗೆ ಕನ್ನಡವೂ ಇಲ್ಲ, ಬ್ಯಾರಿಯೂ ಇಲ್ಲ. ಇಬ್ಬರದೂ ಹರಕು ಮುರುಕು ಹಿಂದಿ. ಬೇಸಿಗೆಯ ಹೊತ್ತಿಗೆ ಕುಂಡದ ಬದಲಿಗೆ ಢೋಕ್ಲಾ ಬರತೊಡಗಿತು, ಇಲ್ಲಿಂದ ನೀರುದೋಸೆ ಹೋಗತೊಡಗಿತು. ಈಗ ನಮ್ಮ ಬೀದಿಯಲ್ಲಿ ಏಳು ಮನೆಗಳ ಮುಂದೆ ಕೆಂಪು ಕಡ್ಡಿಗಳಿವೆ. ಯಾರ ಮನೆಯದ್ದು ಇನ್ನೂ ಕಡಿದಿಲ್ಲ ಎಂದು ಮಾರ್ಚ್ ಬಂದೊಡನೆ ಉಮ್ಮ ಲೆಕ್ಕ ಹಾಕುತ್ತಾರೆ.