ಈ ಎಲ್ಲ ಹೆಸರಿನವರೂ ಒಬ್ಬರೇ

ರಾಯರು ತೀರಿಕೊಂಡದ್ದು ಶುಕ್ರವಾರ ಸಂಜೆ. ಸುದ್ದಿ ಕೇಳಿದ ನಮ್ಮ ಔಷಧಿ ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಆಡಿದ ಮೊದಲ ಮಾತು: "ನೋಡಿ, ಮಾರ್ಕೆಟ್ ಕ್ಲೋಸ್ ಆದ ಮೇಲೇ ಹೋಗಿದ್ದಾರೆ." ಹೊರಗಿನವರಿಗೆ ಇದು ಕಟುಕರ ಮಾತಿನಂತೆ ಕೇಳೀತು. ನಮಗೆ ಅದು ಶ್ರದ್ಧಾಂಜಲಿಯೇ. ಮೂರೂವರೆಗೆ ವ್ಯವಹಾರ ಮುಗಿದಿತ್ತು. ಮರುದಿನ ಶನಿವಾರ. ಬನಶಂಕರಿಯ ವಿದ್ಯುತ್ ಚಿತಾಗಾರದ ಅಂಗಳದಲ್ಲಿ ನಿಂತ ನಮ್ಮಲ್ಲಿ ಒಬ್ಬರೂ ಕದ್ದು ಫೋನ್ ನೋಡಬೇಕಾಗಲಿಲ್ಲ. ಬದುಕಿದ್ದಾಗ ಯಾರಿಗೂ ತೊಂದರೆ ಕೊಡದವರು ಹೋಗುವಾಗಲೂ ದಿನ ನೋಡಿಕೊಂಡು ಹೋದರು ಎಂದು ಎಲ್ಲರೂ ಒಪ್ಪಿಕೊಂಡೆವು.

ನಾವು ಎಂದರೆ ಗಾಂಧಿಬಜಾರಿನ ಆಸುಪಾಸಿನ ಷೇರುಬುರುಕರು. ಒಂದು ಕಾಲಕ್ಕೆ ದಲ್ಲಾಳಿಯೊಬ್ಬರ ಮಹಡಿ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಗೋಡೆಯ ಟೀವಿಯಲ್ಲಿ ಓಡುವ ಹಸಿರು ಕೆಂಪು ಅಂಕಿಗಳನ್ನು ನೋಡುತ್ತ ಕೂರುತ್ತಿದ್ದೆವು. ಎಚ್‌ಎಎಲ್‌ನಿಂದ ನಿವೃತ್ತರಾದವರು, ಬ್ಯಾಂಕಿನಿಂದ ನಿವೃತ್ತರಾದವರು, ಔಷಧಿ ಅಂಗಡಿಯನ್ನು ಮಗನಿಗೆ ಬಿಟ್ಟು ಬಂದವರು, ಮನೆಯಲ್ಲಿ ಕೂತರೆ ತರಕಾರಿ ಹೆಚ್ಚಲು ಹೇಳುತ್ತಾರೆಂದು ಬಂದವರು. ಷೇರು ಮೊಬೈಲಿಗೆ ಬಂದಿತು, ದಲ್ಲಾಳಿ ಕೋಣೆ ಖಾಲಿ ಮಾಡಿದರು. ಕುರ್ಚಿಗಳು ಎಲ್ಲಿಗೆ ಹೋದವೋ, ನಾವು ಮಾತ್ರ ವಾಟ್ಸ್ಯಾಪಿಗೆ ಹೋದೆವು. ದೀರ್ಘಾವಧಿ ಹೂಡಿಕೆಯೇ ನಮ್ಮ ಗುಂಪಿನ ಘೋಷಿತ ತತ್ತ್ವ. ಸದಸ್ಯರಲ್ಲಿ ಬಹುಪಾಲು ಜನ ಎಪ್ಪತ್ತು ದಾಟಿದವರು.

ರಾಯರು ಈ ಗುಂಪಿಗೆ ಗುರುವಾಗಿದ್ದರು ಎಂದರೆ ತಪ್ಪಾದೀತು. ಅವರು ಯಾರಿಗೂ ಒಂದು ಟಿಪ್ ಕೊಟ್ಟವರಲ್ಲ. "ಇದನ್ನ ತಗೋಬಹುದಾ ರಾಯರೇ?" ಅಂದರೆ ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮ ಮನೆಯವರಿಗೆ ಗೊತ್ತುಂಟಾ?" ಎಂದು ಕೇಳುತ್ತಿದ್ದರು. ಬೆಂಗಳೂರಿಗೆ ಬಂದು ಐದು ದಶಕ ಕಳೆದರೂ ಉಡುಪಿಯ ಆ 'ಉಂಟು' ಅವರ ನಾಲಿಗೆಯಿಂದ ಇಳಿದಿರಲಿಲ್ಲ. ನಮ್ಮಲ್ಲಿ ಅನೇಕರು ಷೇರು ಕೊಳ್ಳದೆ ಉಳಿದದ್ದು ಆ ಪ್ರಶ್ನೆಗೆ ಹೆದರಿ. ಗುಂಪಿನ ಒಬ್ಬನೇ ಒಬ್ಬ ಸಾಫ್ಟ್‌ವೇರ್ ಹುಡುಗ ಆಪ್ಷನ್ಸ್ ಆಡುತ್ತಿದ್ದ. ಫ್ಯೂಚರ್ಸ್ ಆಪ್ಷನ್ಸ್ ಆಡುವ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಳ್ಳುತ್ತಾರೆಂದು 2024ರಲ್ಲಿ ಸೆಬಿಯೇ ಲೆಕ್ಕ ಕೊಟ್ಟಾಗ, ಅವನು ತಾನು ಉಳಿದ ಏಳರಲ್ಲಿ ಒಬ್ಬ ಎಂದು ಧೈರ್ಯವಾಗಿದ್ದ. ರಾಯರು ಅವನಿಗೂ ಅದನ್ನೇ ಕೇಳಿದರು, ಬಹುವಚನದಲ್ಲಿ: "ಆ ತೊಂಬತ್ಮೂರು ಜನರ ಮನೆಯವರಿಗೆ ಗೊತ್ತುಂಟಾ?"

ಅವರು ಷೇರು ಕೊಳ್ಳುತ್ತಿದ್ದದ್ದು ಹನ್ನೊಂದು, ಐವತ್ತೊಂದು, ನೂರಾ ಒಂದು, ಹೀಗೆ. ಕಾಗದದ ಷೇರುಗಳ ಕಾಲದಲ್ಲಿ ಐವತ್ತು ನೂರರ ಲಾಟಿನಲ್ಲೇ ಕೊಳ್ಳಬೇಕಾಗಿದ್ದು ಅವರಿಗೆ ಬಹಳ ಹಿಂಸೆಯಾಗಿತ್ತಂತೆ. ಡಿಮ್ಯಾಟ್ ಬಂದದ್ದರಿಂದ ದೇಶಕ್ಕೆ ಏನು ಲಾಭವಾಯಿತೋ, ರಾಯರಿಗಂತೂ ಮದುವೆಮನೆಯ ಮುಯ್ಯಿನ ಲೆಕ್ಕದಲ್ಲಿ ಷೇರು ಕೊಳ್ಳುವ ಸ್ವಾತಂತ್ರ್ಯ ಬಂದಿತು. ಬೆಂಗಳೂರಿನ ಹಳೆಯ ಹೂಡಿಕೆದಾರರಲ್ಲಿ ಇನ್ಫೋಸಿಸ್ ಕಥೆಯಿಲ್ಲದವರು ಸಿಗುವುದಿಲ್ಲ. 1993ರಲ್ಲಿ 95 ರೂಪಾಯಿಗೆ ಷೇರು ಬಿಟ್ಟಾಗ ಕೊಳ್ಳುವವರೇ ಸಾಕಷ್ಟು ಬರದೆ ಇದ್ದದ್ದು ಈಗ ಎಲ್ಲರಿಗೂ ಗೊತ್ತು. ರಾಯರು ಅರ್ಜಿ ತಂದು, ತುಂಬಿ, ಹೆಂಡತಿಗೆ ತೋರಿಸಿದ್ದರು. ಆ ತಿಂಗಳು ಮನೆಗೆ ಫ್ರಿಜ್ ಬಂತು. "ಫ್ರಿಜ್ ಹದಿನೆಂಟು ವರ್ಷ ಬಾಳಿತು" ಎಂದು ರಾಯರು ಹೇಳುವಾಗ ಅವರ ದನಿಯಲ್ಲಿ ವ್ಯಂಗ್ಯವಿತ್ತೆ, ತೃಪ್ತಿಯಿತ್ತೆ ಎಂದು ನಾವು ಎಷ್ಟೋ ಸಲ ಚರ್ಚಿಸಿದ್ದೇವೆ. ನನಗಂತೂ ತೃಪ್ತಿಯೇ ಕೇಳಿಸಿದ್ದು.

ವಾರ್ಷಿಕ ವರದಿಗಳನ್ನು ಅವರು ಹಿಂದಿನಿಂದ ಓದುತ್ತಿದ್ದರು. ಅಧ್ಯಕ್ಷರ ಭಾಷಣ ಮುಂದಿರುತ್ತದೆ, ನಿಜ ಹಿಂದಿರುತ್ತದೆ ಎಂಬುದು ಅವರ ನಂಬಿಕೆ. ಕಂಪನಿಯ ಮೇಲಿರುವ ಕೋರ್ಟು ವ್ಯಾಜ್ಯಗಳು, ನಿರ್ದೇಶಕರ ಭಾವಮೈದುನನಿಗೆ ಕೊಟ್ಟ ಬಾಡಿಗೆ, ಇವೆಲ್ಲ ಇರುವ ಸಣ್ಣಕ್ಷರದ ಪುಟಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದರು. ಆಮೇಲೆ ಕಾಗದವನ್ನು ಬೆರಳ ನಡುವೆ ಉಜ್ಜಿ ನೋಡಿ, "ನುಣುಪು ಜಾಸ್ತಿಯಾಯ್ತು. ಈ ವರ್ಷ ನಷ್ಟ ಇರಬೇಕು" ಅನ್ನುತ್ತಿದ್ದರು. ಎಷ್ಟೋ ಸಲ ಸರಿಯಾಗುತ್ತಿತ್ತು.

2020ರ ಏಪ್ರಿಲ್ 1ರಂದು, ಲಾಕ್‌ಡೌನ್ ನಡುವೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕಟ್ಟಿಸಿಕೊಂಡ ಬ್ಯಾಂಕು. ರಾಯರ ತಾಯಿ ಹಾಗೆ ಕಟ್ಟಿದ ದುಡ್ಡಿನಲ್ಲೇ ಅವರ ಕಾಲೇಜಿನ ಫೀಸು ಆದದ್ದು. ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಎಂದು ನಿಗದಿಯಾಗಿತ್ತು. ರಾಯರ ನೂರಾ ಒಂದು ಹದಿನೈದಾಗಿ, ಚಿಲ್ಲರೆಗೆ ದುಡ್ಡು ಬಂತು. ಆ ದಿನ ಅವರು ಗುಂಪಿನಲ್ಲಿ ಬರೆದದ್ದು ಇಷ್ಟೇ: "ಮೂರು ದಿನ ಸೂತಕ. ಯಾರೂ ಷೇರಿನ ವಿಷಯ ಕೇಳಬಾರದು." ನಾವು ನಗುವ ಚಿತ್ರಗಳನ್ನು ಸಾಲಾಗಿ ಹಾಕಿದೆವು. ಅವರು ಮಾತ್ರ ನಿಜಕ್ಕೂ ಮೂರು ದಿನ ಬರೆಯಲಿಲ್ಲ.

ಅದಕ್ಕೂ ಒಂದು ವಾರ ಮುಂಚಿನ ಮಾತು ಇನ್ನೂ ಪ್ರಸಿದ್ಧ. ಮಾರ್ಚ್ 23, ಸೋಮವಾರ. ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿದ್ದಿತು. ಗುಂಪಿನಲ್ಲಿ ಹಾಹಾಕಾರ. ಎಲ್ಲ ಮಾರಿ ಎಫ್‌ಡಿ ಇಡುತ್ತೇನೆಂದು ಒಬ್ಬರು, ಸೊನ್ನೆಗೆ ಹೋಗುತ್ತದೆಂದು ಇನ್ನೊಬ್ಬರು. ಎಚ್‌ಎಎಲ್‌ನವರಿಗೆ ರಕ್ತದೊತ್ತಡ ಏರಿ, ಅವರು ಅದರ ಅಂಕಿಯನ್ನೂ ಸೆನ್ಸೆಕ್ಸಿನ ಅಂಕಿಯನ್ನೂ ಒಟ್ಟಿಗೇ ಕಳಿಸುತ್ತಿದ್ದರು. ಈ ಗಲಾಟೆಯ ನಡುವೆ ರಾಯರಿಂದ ಒಂದು ಫೋಟೊ ಬಂತು. ಅಡುಗೆಮನೆಯ ಕಟ್ಟೆ, ಅದರ ಮೇಲೊಂದು ಪಿಂಗಾಣಿ ಭರಣಿ, ಭರಣಿಯ ತುಂಬ ತೊಟ್ಟು ಸಮೇತದ ಮಾವಿನಮಿಡಿ, ಮೇಲೆ ಬೆಳ್ಳಗೆ ಹರಳುಪ್ಪು. ಕೆಳಗೆ ಬರಹ: "ಉಪ್ಪಿಗೆ ಹಾಕಿ ಆಯ್ತು. ಇನ್ನು ಕೈ ಹಾಕಬಾರದು. ಚಿರುಟಿದ ಹಾಗೆ ಕಾಣ್ತದೆ, ಹೆದರಬಾರದು."

ಗುಂಪು ಸ್ತಬ್ಧವಾಯಿತು. ಇದಕ್ಕಿಂತ ಆಳವಾದ ಮಾತನ್ನು ಮಾರುಕಟ್ಟೆಯ ಬಗ್ಗೆ ಯಾರೂ ಆಡಿಲ್ಲವೆಂದು ಬ್ಯಾಂಕಿನವರು ಕೈ ಮುಗಿದರು. ಮಾರಲು ಹೊರಟವರು ಮಾರಲಿಲ್ಲ. ವರ್ಷ ಮುಗಿಯುವುದರೊಳಗೆ ಎಲ್ಲ ಏರಿಬಂದಾಗ ಉಪ್ಪಿನಕಾಯಿ ಸಿದ್ಧಾಂತವೆಂದೇ ಅದಕ್ಕೆ ಹೆಸರಾಯಿತು. ರಾಯರು ಮಾತ್ರ ಕಡೆಯವರೆಗೂ ಹೇಳುತ್ತಿದ್ದರು, "ಮಾರಾಯ್ರೆ, ಅದು ಮಗಳಿಗೆ ಕಳಿಸ್ಬೇಕಿದ್ದ ಮೆಸೇಜು. ಅವಳು ಮೈಸೂರಲ್ಲಿ ಮಿಡಿ ಹಾಕಿದ್ದಳು." ನಾವು ಅದನ್ನು ವಿನಯವೆಂದು ತಿಳಿದೆವು.

ಅವರ ನಿಜವಾದ ವಿದ್ಯೆ ಬೇರೆಯಿತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹದಿಮೂರನೆಯ ದಿನ ಕಳೆದ ಮೇಲೆ ರಾಯರು ಬಟ್ಟೆಯ ಚೀಲ, ಇಂಕ್ ಪೆನ್ನು ಹಿಡಿದು ಆ ಮನೆಗೆ ಹೋಗುತ್ತಿದ್ದರು. ಸತ್ತವರ ಷೇರನ್ನು ಹೆಂಡತಿಯ ಹೆಸರಿಗೆ ಮಾಡಿಸುವುದು ಎಂಥ ಕೆಲಸವೆಂದು ಮಾಡಿಸಿದವರಿಗೇ ಗೊತ್ತು. ಮರಣಪತ್ರ, ವಾರಸುದಾರರ ಒಪ್ಪಿಗೆ, ಛಾಪಾ ಕಾಗದ, ಐಎಸ್‌ಆರ್ ಒಂದು, ಎರಡು, ಐದು ಎಂದು ಅರ್ಜಿಗಳ ವಂಶಾವಳಿ. ಏಳು ವರ್ಷ ಲಾಭಾಂಶ ಯಾರೂ ಪಡೆಯದಿದ್ದರೆ ಷೇರೇ ಸರ್ಕಾರದ ನಿಧಿಗೆ ಹೋಗಿ ಕೂತಿರುತ್ತದೆ. ಅದನ್ನು ವಾಪಸು ತರುವುದು ಇನ್ನೊಂದು ಪರ್ವ. ಅಷ್ಟನ್ನೂ ರಾಯರು ದುಂಡಗಿನ ಅಕ್ಷರದಲ್ಲಿ ತುಂಬಿ, ಒಂದು ಕಾಫಿ ಕುಡಿದು ಬರುತ್ತಿದ್ದರು. ಎರಡನೆಯ ಕಾಫಿಗೆ ಒಪ್ಪುತ್ತಿರಲಿಲ್ಲ.

ಹಾಗಾಗಿ ಅವರೇ ಹೋದಾಗ, ಈ ಕೆಲಸ ಯಾರು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಬಲ್ಲವರೇ ನಮ್ಮಲ್ಲಿ ಉಳಿದಿರಲಿಲ್ಲ. ಗುಂಪಿಗೆ ಗುಂಪೇ ಅವರ ಊಟದ ಮೇಜಿನ ಸುತ್ತ ಕೂತೆವು. ಡಿಮ್ಯಾಟ್ ಖಾತೆಗೆ ನಾಮಿನಿ ಇತ್ತು, ಸರಿ. ಆದರೆ ಅಟ್ಟದಿಂದ ಒಂದು ಟ್ರಂಕು ಇಳಿಯಿತು. ಅದರ ತುಂಬ ಹಳೆಯ ಕಾಗದದ ಸರ್ಟಿಫಿಕೇಟುಗಳು; ಹೂಬಳ್ಳಿಯ ಅಂಚು, ಉಬ್ಬಿದ ಮೊಹರು, ಹಳದಿ ತಿರುಗಿದ ಮಡಿಕೆಗಳು. 2019ರ ಏಪ್ರಿಲ್‌ನಿಂದ ಇಂಥವನ್ನು ಮಾರುವ ಹಾಗಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು ಎಂದು ನಮಗೆಲ್ಲ ಪಾಠ ಹೇಳಿದವರೇ ರಾಯರು. ರಾಯರ ಹೆಂಡತಿಯನ್ನು ಮೆಲ್ಲಗೆ ಕೇಳಿದೆವು, "ಇದೆಲ್ಲ ನಿಮಗೆ ಗೊತ್ತಿತ್ತಾ?"

"ನನ್ನನ್ನು ಯಾರು ಕೇಳಿದ್ರು?" ಅಂದರು ಅವರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬಂದದ್ದನ್ನು ತಡೆದದ್ದು ಔಷಧಿ ಅಂಗಡಿಯವರ ಕಣ್ಣು ಒದ್ದೆಯಾದದ್ದರಿಂದ.

ರಾಯರ ಫೋನನ್ನು ಮಗ ಬಂದ್ ಮಾಡಿರಲಿಲ್ಲ. ಗ್ಯಾಸು, ಕರೆಂಟು, ಆಸ್ತಿ ತೆರಿಗೆ, ಎಲ್ಲದರ ಓಟಿಪಿ ಬರುವುದು ಅದಕ್ಕೇ. ಅವನು ಆಗಾಗ ತೆರೆದು ನೋಡುವುದರಿಂದ ನಮ್ಮ 'ಓಂ ಶಾಂತಿ' ಸಂದೇಶಗಳನ್ನು ಯಾರು ಯಾರು ಓದಿದರು ಎಂದು ನೋಡಿದರೆ ಪಟ್ಟಿಯಲ್ಲಿ ರಾಯರ ಹೆಸರೂ ಇತ್ತು. ಸಾಫ್ಟ್‌ವೇರ್ ಹುಡುಗ ಇದನ್ನು ಕಂಡುಹಿಡಿದು ಹೇಳಿದ್ದರಿಂದ ಎಲ್ಲರೂ ನೋಡುವಂತಾಯಿತು. ಅಂದಿನಿಂದ ಶ್ರದ್ಧಾಂಜಲಿಗಳ ಭಾಷೆ ಸ್ವಲ್ಪ ಸುಧಾರಿಸಿತು. ಕಾಗುಣಿತವನ್ನೂ ತಿದ್ದಿ ಹಾಕತೊಡಗಿದರು. ಸೋಮವಾರ ಒಂಬತ್ತೂ ಕಾಲಿಗೆ ಮಾರುಕಟ್ಟೆ ತೆರೆದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಹತ್ತು ಗಂಟೆಗೆ ಒಬ್ಬರು, "ರಾಯರಿದ್ದಿದ್ದರೆ ಅವರೂ ನೋಡುತ್ತಿದ್ದರು, ಅದಕ್ಕೇ ಹೇಳುತ್ತೇನೆ" ಎಂಬ ಪೀಠಿಕೆಯೊಂದಿಗೆ ಬ್ಯಾಂಕ್ ನಿಫ್ಟಿಯ ವಿಷಯ ತೆಗೆದರು. ಎಲ್ಲರಿಗೂ ಉಸಿರು ಬಂದಂತಾಯಿತು.

ಟ್ರಂಕಿನ ಕಾಗದಗಳದ್ದು ಇನ್ನೊಂದು ತಕರಾರು. ಅವುಗಳಲ್ಲಿ ರಾಯರ ಹೆಸರು ಒಂದರಂತೆ ಒಂದಿಲ್ಲ. ಒಂದರಲ್ಲಿ ಊರಿನ ಹೆಸರು ಮುಂದೆ, ಒಂದರಲ್ಲಿ ತಂದೆಯ ಹೆಸರು ಮುಂದೆ, ಒಂದರಲ್ಲಿ ಎರಡೂ ಇಲ್ಲ. ಕೊನೆಯ ರಾವ್ ಇಂಗ್ಲಿಷಿನಲ್ಲಿ ಒಂದು ಕಡೆ 'ಓ'ದಲ್ಲಿ ಮುಗಿದರೆ ಇನ್ನೊಂದು ಕಡೆ 'ಯು'ನಲ್ಲಿ. ಈ ಎಲ್ಲ ಹೆಸರಿನವರೂ ಒಬ್ಬರೇ ವ್ಯಕ್ತಿ ಎಂದು ಛಾಪಾ ಕಾಗದದ ಮೇಲೆ ಮನೆಯವರು ಪ್ರಮಾಣ ಮಾಡಬೇಕು. ಸಾಕ್ಷಿ ಹಾಕಲು ನಾವು ಹೊರಟೆವು. ಇಬ್ಬರು ಸಾಕಿತ್ತು, ಎಲ್ಲರೂ ಹೋದೆವು.

ನೋಟರಿಯವರ ಟೈಪಿಸ್ಟ್ ಊಟಕ್ಕೆ ಹೋಗಿದ್ದ. ಬೆಂಚಿನ ಮೇಲೆ ಕೂತು ಮಾತು ಬಂದಾಗ ತಕರಾರು ಹೆಚ್ಚಾಯಿತು. ಎಚ್‌ಎಎಲ್‌ನವರ ಹೆಂಡತಿ ತೀರಿಕೊಂಡ ವರ್ಷ ಪ್ರತಿ ಭಾನುವಾರ ಹುಳಿಯ ಡಬ್ಬಿ ಹಿಡಿದು ಬಂದು, ಒಂದೂ ಮಾತಾಡದೆ ಕೂತು ಹೋಗುತ್ತಿದ್ದರಂತೆ ರಾಯರು. "ಮಾತಾಡದೆಯಾ? ರಾಯರಾ?" ಅಂದರು ಬ್ಯಾಂಕಿನವರು, ಅವರ ಜೊತೆ ಲಾಲ್‌ಬಾಗಿಗೆ ಬರುತ್ತಿದ್ದ ರಾಯರ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಔಷಧಿ ಅಂಗಡಿಯವರಿಗೂ ಅವರಿಗೂ ಯಾವುದೋ ಬೋನಸ್ ಷೇರಿನ ವಿಷಯದಲ್ಲಿ ಜಗಳವಾಗಿ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂತೇ ಒಂದು ಮಳೆಗಾಲ ಮಾತು ಬಿಟ್ಟಿದ್ದರು, "ಎಂಥ ಛಲದ ಮನುಷ್ಯ ಗೊತ್ತಾ?" ಎಂದು ಅವರು ಹೆಮ್ಮೆಯಿಂದ ಹೇಳಿದರು. ಹುಡುಗ ತಲೆ ತಗ್ಗಿಸಿ, ತಾನು ಆಪ್ಷನ್ಸಿನಲ್ಲಿ ಕಳೆದದ್ದನ್ನು ಅಪ್ಪನಿಗೆ ಹೇಳಲು ರಾಯರೇ ಜೊತೆಗೆ ತುಮಕೂರಿಗೆ ಬಸ್ಸಿನಲ್ಲಿ ಬಂದಿದ್ದರು ಅಂದ. ಕೊನೆಗೆ ರಾಯರ ಮಗ, "ಅಪ್ಪ ಚಿಕ್ಕವರಿದ್ದಾಗ ಯಕ್ಷಗಾನ ಮೇಳದಲ್ಲಿ ಹೆಣ್ಣುವೇಷ ಮಾಡ್ತಿದ್ರು. ದಾಕ್ಷಾಯಿಣಿ. ನಿಮಗೆ ಹೇಳಿರಲಿಲ್ವಾ?" ಎಂದು ಕೇಳಿದ.

ಯಾರಿಗೂ ಹೇಳಿರಲಿಲ್ಲ. ಹಿಂದಿನಿಂದ ವರದಿ ಓದುವ, ಕನ್ನಡಕದ ಮೇಲಿನಿಂದ ನೋಡುವ ಆ ಮುಖಕ್ಕೆ ಮೂಗುತಿ ಇಟ್ಟು ನೋಡಲು ನಾವೆಲ್ಲ ಬೆಂಚಿನ ಮೇಲೆ ಕೂತೇ ಪ್ರಯತ್ನಪಟ್ಟೆವು. ಅಷ್ಟರಲ್ಲಿ ಟೈಪಿಸ್ಟ್ ಕೈ ಒರೆಸಿಕೊಂಡು ಬಂದ. "ಎಲ್ಲ ಒಬ್ಬರೇ ತಾನೇ ಸರ್? ಆಮೇಲೆ ತೊಂದರೆ ಬರಬಾರದು" ಅಂದ. ಒಬ್ಬರೇ ಎಂದು ಸಾಲಾಗಿ ಸಹಿ ಹಾಕಿದೆವು.

ಈಗ ಗುಂಪಿನಲ್ಲಿ ಷೇರಿಗಿಂತ ನಾಮಿನಿಯ ಸಂಭ್ರಮವೇ ಹೆಚ್ಚು. ಎಲ್ಲರೂ ತಂತಮ್ಮ ಅಟ್ಟ ಇಳಿಸಿದ್ದಾರೆ. ಎಚ್‌ಎಎಲ್‌ನವರ ಹಳೆಯ ಕಾಗದಗಳ ಸಹಿಗೂ ಈಗಿನ ಸಹಿಗೂ ತಾಳೆಯಾಗದೆ, ಐಎಸ್‌ಆರ್ ಎರಡನೆಯ ಅರ್ಜಿಗೆ ಬ್ಯಾಂಕಿನ ದೃಢೀಕರಣ ತರಬೇಕಾಯಿತು. ಬ್ಯಾಂಕಿನಲ್ಲಿದ್ದ ಮಾದರಿ ಸಹಿಯೋ ಇನ್ನೂ ಹಳೆಯದು, ಅವರ ಕೈ ನಡುಗದೇ ಇದ್ದ ಕಾಲದ್ದು. ಕೌಂಟರಿನ ಹುಡುಗಿ ತಲೆಯಾಡಿಸಿ, ಆ ಮಾದರಿಯನ್ನು ಕಂಪ್ಯೂಟರಿನಲ್ಲಿ ತೋರಿಸಿ, "ಹೀಗೇ ಬರಬೇಕು ಅಂಕಲ್" ಎಂದು ಹೇಳಿ ಕಳಿಸಿದ್ದಾಳೆ. ಅವರು ಈಗ ಮೊಮ್ಮಗಳ ಎರಡು ಗೆರೆ ಕಾಪಿಪುಸ್ತಕ ತೆಗೆದುಕೊಂಡು, ಮಾರುಕಟ್ಟೆ ತೆರೆಯುವ ಮುಂಚೆ ದಿನಾ ಒಂದು ಪುಟ ತಮ್ಮ ಸಹಿಯನ್ನು ತಿದ್ದಿ ಫೋಟೊ ಕಳಿಸುತ್ತಾರೆ. ನಾವು ಅಂಕ ಹಾಕುತ್ತೇವೆ. ನಿನ್ನೆ ಹತ್ತಕ್ಕೆ ನಾಲ್ಕು ಬಂದಿದೆ. ಔಷಧಿ ಅಂಗಡಿಯವರು ಮೂರೂವರೆಯೇ ಸಾಕಿತ್ತೆಂದು ಇನ್ನೂ ವಾದಿಸುತ್ತಿದ್ದಾರೆ.